ಆರು ಜನರಿಗೆ ಲಸಾನ್ಯ

ಮಾರ್ಚ್ 18

ಅತ್ತೆಯವರಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ನಿಮ್ಮ ಮಂಡಿನೋವು ಹೇಗಿದೆ? ಹಲ್ಲಿನ ಸೆಟ್ಟಿನಲ್ಲಿ ಮುಂದಿನದೊಂದು ಕಿತ್ತುಬಂದಿದೆ ಎಂದು ಬರೆದಿದ್ದಿರಿ. ದಯವಿಟ್ಟು ಅಂಗಡಿಯ ಅಂಟು ತಂದು ಅಂಟಿಸಿಕೊಳ್ಳಬೇಡಿ. ಪಾರ್ಸೆಲ್ ಮಾಡಿ ಕಳಿಸಿ. ಆ ಸೆಟ್ಟನ್ನು ಮಾಡಿದವಳು ನಾನು, ರಿಪೇರಿಯೂ ನನ್ನದೇ. ಲ್ಯಾಬಿನಲ್ಲಿ ಈಗ ಕೆಲಸ ವಿಪರೀತ. ಬೆಳಗಿನಿಂದ ಸಂಜೆಯವರೆಗೆ ಮೇಣದಲ್ಲಿ ಹಲ್ಲು ಕೂರಿಸುತ್ತೇನೆ. ಮುಖ ಕಾಣದ ಜನರ ಬಾಯಿಯ ಅಚ್ಚುಗಳು ಮೇಜಿನ ಮೇಲೆ ಸಾಲಾಗಿ ಬಾಯಿ ತೆರೆದುಕೊಂಡಿರುತ್ತವೆ. ಎಷ್ಟೋ ದಿನ ನಾನು ನೋಡುವ ಬಾಯಿಗಳು ಅಷ್ಟೇ, ಮಾತಾಡುವ ಬಾಯಿ ಒಂದೂ ಇರುವುದಿಲ್ಲ.

ಈಗ ಒಂದು ಸಹಾಯ ಕೇಳಬೇಕು. ಏಪ್ರಿಲ್ 19ರ ಭಾನುವಾರ ಮನೆಯಲ್ಲಿ ಒಂದು ಊಟ ಇಟ್ಟುಕೊಂಡಿದ್ದೇನೆ. ಒಟ್ಟು ಆರು ಜನ. ನೀವು ಸ್ಲೋ ಕುಕ್ಕರಿನಲ್ಲಿ ಮಾಡುತ್ತಿದ್ದ ಲಸಾನ್ಯವನ್ನೇ ಮಾಡಬೇಕು ಎಂದುಕೊಂಡಿದ್ದೇನೆ. ಕುಕ್ಕರ್ ಇನ್ನೂ ನನ್ನ ಹತ್ತಿರವೇ ಇದೆ. ನಿಮ್ಮ ಮಗ ತೀರಿಹೋದ ಮೇಲೆ ಕಪಾಟಿನಿಂದ ಇಳಿಸಿರಲಿಲ್ಲ. ಮೊನ್ನೆ ಇಳಿಸಿ, ತೊಳೆದು, ನೀರು ಹಾಕಿ ಹಚ್ಚಿ ನೋಡಿದೆ, ಬಿಸಿಯಾಗುತ್ತದೆ. ಅವರು ಮಾಡುವಾಗ ಪಕ್ಕದಲ್ಲಿ ನಿಂತು ಹರಟೆ ಹೊಡೆದೆನೇ ಹೊರತು ಕಲಿತುಕೊಳ್ಳಲಿಲ್ಲ. ಬರುವವರಲ್ಲಿ ಒಬ್ಬರು ಅಣಬೆ ತಿನ್ನುವುದಿಲ್ಲ. ಒಬ್ಬರಿಗೆ ಮುಂದಿನ ಹಲ್ಲಿಲ್ಲ, ಮೆತ್ತಗೆ ಬೇಯಬೇಕು.

ಬಿಡುವಾದಾಗ ಬರೆಯಿರಿ.

ನಿಮ್ಮ ಸೊಸೆ

*

ಮಾರ್ಚ್ 26

ಹಲ್ಲಿನ ಡಾಕ್ಟರಮ್ಮನಿಗೆ ಆಶೀರ್ವಾದಗಳು.

ನೀನು ಯಾವಾಗಲೂ ಹೀಗೆಯೇ. ಹೇಳಬೇಕಾದ್ದನ್ನು ಹೇಳದೆ ಸುತ್ತಿ ಬಳಸಿ ಬರುತ್ತೀಯ. "ಒಬ್ಬರಿಗೆ ಮುಂದಿನ ಹಲ್ಲಿಲ್ಲ" ಅಂತೆ! ಆ ಒಬ್ಬರು ಯಾರು ಅಂತ ನನಗೆ ಗೊತ್ತಾಗುವುದಿಲ್ಲವೇ? ನೆಟ್ಟಗೆ "ಅತ್ತೆ, ಬನ್ನಿ" ಅಂದರೆ ನಿನ್ನ ಗಂಟೇನು ಹೋಗುತ್ತಿತ್ತು? ಕಾಗದ ಓದಿ ಒಬ್ಬಳೇ ನಕ್ಕೆ. ಬಹಳ ದಿನದ ಮೇಲೆ ಮನೆಯಲ್ಲಿ ನಗುವಿನ ಸದ್ದು ಕೇಳಿ ನನಗೇ ಬೆಚ್ಚಿಬಿದ್ದ ಹಾಗಾಯಿತು.

19 ಅಂದರೆ ನನ್ನ ಮಗನ ಹುಟ್ಟಿದ ದಿನಕ್ಕೆ ಎರಡು ದಿನ ಮುಂಚೆ. ನಿನಗೆ ನೆನಪಿದೆಯಲ್ಲ, ಅಷ್ಟು ಸಾಕು. ವಾರದ ದಿನ ಬಂದದ್ದಕ್ಕೆ ಭಾನುವಾರ ಇಟ್ಟುಕೊಂಡಿದ್ದೀಯ, ಒಳ್ಳೆಯದೇ ಆಯಿತು. ಆರು ಜನ ಯಾರು ಅಂತ ಲೆಕ್ಕ ಹಾಕಿದೆ. ನೀನು, ನಾನು, ನನ್ನ ತಮ್ಮ, ಅವನ ಹೆಂಡತಿ, ಅವರ ಮಗಳು, ಅಳಿಯ. ಅಣಬೆ ಕಂಡರಾಗದವನು ನನ್ನ ತಮ್ಮನೇ. ಚಿಕ್ಕಂದಿನಿಂದಲೂ ಅವನಿಗೆ ಅದೊಂದು ರೋಗ. ಅವನಿಗಾಗಿ ಬಿಡಬೇಡ. ಹಾಕು, ಬೇಕಿದ್ದರೆ ಆರಿಸಿ ತೆಗೆದಿಡಲಿ.

ಈಗ ಕೇಳು. ನರ್ಸ್‌ಗಳ ಹಾಸ್ಟೆಲಿನಲ್ಲಿ ನೂರು ತಟ್ಟೆ ಬಡಿಸಿ ಬಂದ ಮೇಲೆ ಮನೆಯ ಒಲೆ ಮುಂದೆ ನಿಲ್ಲುವುದಕ್ಕೆ ನನಗೆ ಕಾಲೇ ಇರುತ್ತಿರಲಿಲ್ಲ. ಅದಕ್ಕೇ ಈ ಕುಕ್ಕರ್. ಬೆಳಿಗ್ಗೆ ಜೋಡಿಸಿಟ್ಟು ಹೋದರೆ ಮಗ ಸ್ಕೂಲಿನಿಂದ ಬರುವ ಹೊತ್ತಿಗೆ ಮೆಟ್ಟಿಲವರೆಗೂ ವಾಸನೆ ಬಂದಿರುತ್ತಿತ್ತು. ಮೊದಲು ಈರುಳ್ಳಿ, ಬೆಳ್ಳುಳ್ಳಿ, ಅಣಬೆ ಹುರಿ. ಅಣಬೆಯ ನೀರು ಪೂರ್ತಿ ಆರುವ ತನಕ ಹುರಿಯಬೇಕು, ಆತುರಗಾರನಿಗೆ ಬುದ್ಧಿ ಮಟ್ಟ. ಟೊಮೇಟೊ ಸಾಸ್ ಸ್ವಲ್ಪ ಗಟ್ಟಿಯಾಗಿಯೇ ಇರಲಿ. ಪಾಲಕನ್ನು ಬಿಸಿನೀರಿನಲ್ಲಿ ಬಾಡಿಸಿ, ಸೀರೆ ಹಿಂಡಿದ ಹಾಗೆ ಹಿಂಡಿ, ಮೆತ್ತನೆಯ ಬಿಳಿ ಚೀಸಿನಲ್ಲಿ ಕಲಸು. ಪಾತ್ರೆಯ ತಳಕ್ಕೆ ಮೊದಲು ಸಾಸ್. ಪಾಸ್ತಾ ಹಾಳೆಯನ್ನು ನೇರವಾಗಿ ತಳಕ್ಕೆ ಇಟ್ಟರೆ ಹತ್ತಿಕೊಳ್ಳುತ್ತದೆ. ಹಾಳೆಗಳನ್ನು ಬೇಯಿಸಬೇಡ, ಒಣಗಿದ್ದನ್ನೇ ಮುರಿದು ಜೋಡಿಸು. ನಮ್ಮ ಪಾತ್ರೆ ಮೊಟ್ಟೆಯಾಕಾರ, ಹಾಳೆ ಚೌಕ, ಮುರಿಯದೆ ಕೂರುವುದಿಲ್ಲ. ಮೇಲೆ ಚೀಸು, ಮತ್ತೆ ಸಾಸ್, ಮತ್ತೆ ಹಾಳೆ. ಕೊನೆಗೆ ತುರಿದ ಚೀಸ್. ಸಣ್ಣ ಉರಿಗೆ ಇಟ್ಟು ನಾಲ್ಕು ಗಂಟೆ ಮರೆತುಬಿಡು. ತಲೆ ಮೇಲೆ ತಲೆ ಬಿದ್ದರೂ ಮುಚ್ಚಳ ತೆಗೆಯಬೇಡ.

ಮುಚ್ಚುವುದಕ್ಕೆ ಮುಂಚೆ ಇನ್ನೂ ಒಂದು ಕೆಲಸ ಇದೆ. ಅದನ್ನು ಬರೆಯುವುದಿಲ್ಲ. ನಾನೇ ಬಂದು ಮಾಡುತ್ತೇನೆ. ಎಲ್ಲವನ್ನೂ ಬರೆದು ಕೊಟ್ಟುಬಿಟ್ಟರೆ ಮುದುಕಿಯರನ್ನು ಯಾರು ಕೇಳುತ್ತಾರೆ?

ಶುಕ್ರವಾರದ ರೈಲಿಗೆ ಹೊರಡುತ್ತೇನೆ. ಮೂರು ದಿನ ಇರುತ್ತೇನೆ ಅಂತ ಪಕ್ಕದ ಮನೆ ಟೈಲರಮ್ಮನಿಗೆ ಹೇಳಿಯೂ ಆಯಿತು. ಹಲ್ಲನ್ನು ಬರುವಾಗಲೇ ತರುತ್ತೇನೆ.

ನಿನ್ನ ಅತ್ತೆ

*

ಏಪ್ರಿಲ್ 2

ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ಎರಡು ಸಲ ಓದಿದೆ.

ಅತ್ತೆ, ಈ ಸಲ ಬೇಡ. ನಮ್ಮ ಕಟ್ಟಡದ ಲಿಫ್ಟ್ ಕೆಟ್ಟಿದೆ. ನಾಲ್ಕನೇ ಮಹಡಿ. ಈ ಮಂಡಿ ಇಟ್ಟುಕೊಂಡು ನೀವು ಮೆಟ್ಟಿಲು ಹತ್ತುವುದು ಸಾಧ್ಯವಿಲ್ಲ. ಯಾವಾಗ ಸರಿಯಾಗುತ್ತದೋ ಗೊತ್ತಿಲ್ಲ. ಅದೂ ಅಲ್ಲದೆ ನೀವು ಅಂದುಕೊಂಡಿರುವ ಆರು ಜನ ಅಲ್ಲ, ಬೇರೆಯವರು ಬರುತ್ತಿದ್ದಾರೆ. ನಾನು ಸರಿಯಾಗಿ ಬರೆಯಬೇಕಿತ್ತು. ತಪ್ಪು ನನ್ನದೇ.

ಮುಂದಿನ ತಿಂಗಳು ನೀವು ಬನ್ನಿ, ಒಂದು ವಾರ ಇರಿ. ನಾನು ರಜೆ ಹಾಕುತ್ತೇನೆ. ಹಲ್ಲನ್ನು ಮಾತ್ರ ಪಾರ್ಸೆಲ್ ಮಾಡಿ, ಅಷ್ಟು ದಿನ ಹಾಗೆಯೇ ಇಟ್ಟುಕೊಳ್ಳಬೇಡಿ.

ಅಣಬೆಯ ನೀರು ಆರುವ ತನಕ ಹುರಿಯುವುದು, ತಳಕ್ಕೆ ಸಾಸ್ ಹಾಕುವುದು ಎಲ್ಲ ಗುರುತು ಹಾಕಿಕೊಂಡಿದ್ದೇನೆ. ಕೊನೆಯ ಆ ಒಂದು ಕೆಲಸ ಏನು ಎಂದು ಬರೆಯುತ್ತೀರಾ?

ನಿಮ್ಮ ಸೊಸೆ

*

ಏಪ್ರಿಲ್ 8

ಆಶೀರ್ವಾದಗಳು.

ಕಾಗದ ತಲುಪಿತು. ಲಿಫ್ಟ್ ಬೇಗ ಸರಿಹೋಗಲಿ.

ನನ್ನ ಮಂಡಿಯ ಬಗ್ಗೆ ಯೋಚನೆ ಮಾಡಬೇಡ. ಅದು ನನ್ನ ಜೊತೆ ಇಷ್ಟು ವರ್ಷ ಬಾಳಿದೆ, ಇನ್ನು ಮುಂದೆಯೂ ಬಾಳುತ್ತದೆ.

ಒಂದೇ ಒಂದು ಮಾತು ಕೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡ. ಮುಂದಿನ ಹಲ್ಲಿಲ್ಲದವರು ನಾನಲ್ಲ ಅಂದಮೇಲೆ ಇನ್ನು ಇಬ್ಬರೇ ಉಳಿದರು. ಒಂದೋ ನನ್ನ ಥರದ ಮುದುಕಿ, ಇಲ್ಲವೋ ಹಲ್ಲು ಬೀಳುವ ವಯಸ್ಸಿನ ಮಗು. ನಿನ್ನ ಮನೆಗೆ ಊಟಕ್ಕೆ ಬರುತ್ತಿರುವುದು ಯಾರ ಮಗು?

ಅತ್ತೆ

*

ಏಪ್ರಿಲ್ 12

ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಹತ್ತಿರ ಮುಚ್ಚಿಡುವುದು ನನ್ನಿಂದ ಆಗುವ ಕೆಲಸವಲ್ಲ. ಆಗುತ್ತದೆ ಎಂದುಕೊಂಡದ್ದೇ ದಡ್ಡತನ.

ಮಗುವಿಗೆ ಏಳು ವರ್ಷ. ಹೆಣ್ಣು. ಅಣಬೆ ತಿನ್ನದವನು ಅವಳ ಅಣ್ಣ. ಅವರ ತಂದೆ ಲಿಫ್ಟ್ ಮೆಕ್ಯಾನಿಕ್. ನಮ್ಮ ಕಟ್ಟಡ, ಆಚೆಯ ಎರಡು ಕಟ್ಟಡ, ಆಸ್ಪತ್ರೆ, ಎಲ್ಲವನ್ನೂ ನೋಡಿಕೊಳ್ಳುವವರು ಅವರೇ. ಹೆಂಡತಿ ತೀರಿಕೊಂಡು ನಾಲ್ಕು ವರ್ಷ ಆಗಿದೆ. ಹೋದ ಚಳಿಗಾಲದಲ್ಲಿ ಲಿಫ್ಟಿನ ಬಾಗಿಲ ಹತ್ತಿರ ಪರಿಚಯವಾಯಿತು. ಆಮೇಲೆ ಕೆಲಸ ಮುಗಿಸಿ ಬರುವ ದಾರಿಯಲ್ಲಿ ಒಟ್ಟಿಗೆ ನಡೆಯುವುದು ಅಭ್ಯಾಸವಾಯಿತು. ಜೋರು ಮಾತಿನವರಲ್ಲ. ಹಗ್ಗ, ಕಪ್ಪಿ, ಬ್ರೇಕು ಇವುಗಳ ಬಗ್ಗೆ ಮಾತ್ರ ಗಂಟೆಗಟ್ಟಲೆ ಹೇಳುತ್ತಾರೆ. ನನಗೆ ಅದನ್ನು ಕೇಳುತ್ತ ನಡೆಯುವುದು ಇಷ್ಟ.

ಮದುವೆಯಾಗೋಣ ಎಂದು ಕೇಳಿದ್ದಾರೆ. ನಾನು ಇನ್ನೂ ಏನೂ ಹೇಳಿಲ್ಲ. ಭಾನುವಾರ ಅವರ ತಾಯಿ, ತಂಗಿ, ಮಕ್ಕಳು ಎಲ್ಲರೂ ಮೊದಲ ಸಲ ಮನೆಗೆ ಬರುತ್ತಿದ್ದಾರೆ. ಊಟವಾದ ಮೇಲೆ ಉತ್ತರ ಹೇಳುತ್ತೇನೆ ಎಂದಿದ್ದೇನೆ.

ಲಸಾನ್ಯವೇ ಯಾಕೆ ಎಂದು ನೀವು ಕೇಳಬಹುದು. ನನಗೂ ಗೊತ್ತಿಲ್ಲ. ಆ ಮೇಜಿನ ಮೇಲೆ ನಮ್ಮ ಮನೆಯದು ಏನಾದರೂ ಒಂದಿರಬೇಕು ಅನ್ನಿಸಿತು. ಅಂಗಡಿಯಿಂದ ತರಿಸಿ ಬಡಿಸಿದರೆ ನಾನು ಹಿಂದಿಲ್ಲದವಳು, ಮುಂದಿಲ್ಲದವಳು ಎಂದಾಗಿಬಿಡುತ್ತದೆ.

ಎರಡು ವರ್ಷದಿಂದ ಈ ಮನೆಯಲ್ಲಿ ಒಂದೇ ತಟ್ಟೆ ತೊಳೆಯುತ್ತಿದ್ದೇನೆ, ಅತ್ತೆ. ಅದು ಅಭ್ಯಾಸವಾಗುತ್ತದೆ ಎಂದು ಎಲ್ಲರೂ ಹೇಳಿದರು. ಆಗಲಿಲ್ಲ. ಆದರೆ ನೀವು ಬೇಡ ಎಂದರೆ ಬೇಡ. ನಿಜವಾಗಿ ಹೇಳುತ್ತಿದ್ದೇನೆ. ನಿಮ್ಮ ಮನಸ್ಸು ಮುರಿದು ನನಗೆ ಏನೂ ಆಗಬೇಕಾಗಿಲ್ಲ.

ಶನಿವಾರದ ಒಳಗೆ ಒಂದು ಸಾಲು ಬರೆಯಿರಿ. ಬೈದರೂ ಪರವಾಗಿಲ್ಲ. ಮುಚ್ಚಳ ಹಾಕುವುದಕ್ಕೆ ಮುಂಚಿನ ಆ ಕೆಲಸವನ್ನೂ ಬರೆಯಿರಿ.

ನಿಮ್ಮ ಸೊಸೆ

*

ಏಪ್ರಿಲ್ 20

ಅತ್ತೆಯವರಿಗೆ ನಮಸ್ಕಾರಗಳು.

ಶುಕ್ರವಾರ ಎರಡು ಸಲ, ಶನಿವಾರ ಮೂರು ಸಲ ಕೆಳಗಿಳಿದು ಕಾಗದದ ಡಬ್ಬಿ ನೋಡಿದೆ. ವಿದ್ಯುತ್ ಬಿಲ್ಲು, ಸೋಫಾ ತೊಳೆಯುವವರ ಜಾಹೀರಾತು. ನಿಮ್ಮ ಅಕ್ಷರ ಮಾತ್ರ ಇರಲಿಲ್ಲ. ನೀವು ಈ ಕಾಗದವನ್ನು ಓದುತ್ತೀರೋ ಇಲ್ಲವೋ ಗೊತ್ತಿಲ್ಲ. ಆದರೆ ಏನಾಯಿತು ಎಂದು ಹೇಳುವುದಕ್ಕೆ ನನಗೆ ಬೇರೆ ಯಾರಿದ್ದಾರೆ?

ನೀವು ಹೇಳಿದ ಹಾಗೆಯೇ ಮಾಡಿದೆ. ಪಾಲಕನ್ನು ಬೆರಳು ನೋಯುವ ತನಕ ಹಿಂಡಿದೆ. ಹಾಳೆಗಳನ್ನು ಮುರಿದು ಮೂಲೆ ಮೂಲೆಗೆ ಕೂರಿಸಿದೆ. ಹಲ್ಲು ಕೂರಿಸುವ ಕೈ, ಅದೊಂದು ಚೆನ್ನಾಗಿ ಬಂತು. ನಾಲ್ಕು ಗಂಟೆ ಮುಚ್ಚಳ ಮುಟ್ಟಲಿಲ್ಲ. ಮನೆಯೆಲ್ಲ ಆ ವಾಸನೆ ಬಂದಾಗ ಸ್ವಲ್ಪ ಹೊತ್ತು ಬಾಲ್ಕನಿಗೆ ಹೋಗಿ ನಿಂತೆ. ಒಳಗೆ ನಿಲ್ಲುವುದಕ್ಕಾಗಲಿಲ್ಲ.

ಎಲ್ಲರೂ ಬಂದು ಕೂತರು. ಅವರ ತಾಯಿ ಎತ್ತರದ ಹೆಂಗಸು, ಟೋಪಿ ಅಂಗಡಿ ನಡೆಸಿದವರು. ಬಂದವರೇ ಪರದೆಯ ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು. ನಾನು ಕುಕ್ಕರನ್ನು ಮೇಜಿನ ನಡುವೆ ಇಟ್ಟು ಮುಚ್ಚಳ ತೆಗೆದೆ.

ನೀರು, ಅತ್ತೆ. ಮೇಲೆಲ್ಲ ನೀರು ನಿಂತಿತ್ತು. ಮುಚ್ಚಳ ಎತ್ತಿದಾಗ ಅದರಿಂದ ಇನ್ನಷ್ಟು ಸುರಿಯಿತು. ಚೀಸ್ ಕರಗಿ ತೇಲುತ್ತಿತ್ತು. ಚಾಕು ಹಾಕಿದರೆ ಪದರ ಪದರವಾಗಿ ಬರುವ ಬದಲು ಎಲ್ಲ ಒಂದರೊಳಗೊಂದು ಜಾರಿಹೋಯಿತು. ನಾನು ತಟ್ಟೆಗಳನ್ನು ತೆಗೆದು ಬಟ್ಟಲು, ಚಮಚ ತಂದಿಟ್ಟೆ. ಅವರ ತಾಯಿ ಒಂದು ಚಮಚ ಬಾಯಿಗಿಟ್ಟು, "ಸೂಪು ಚೆನ್ನಾಗಿದೆ. ಮುಖ್ಯ ಅಡುಗೆ ಏನು ಮಾಡಿದ್ದೀಯಮ್ಮ?" ಎಂದರು.

ಅವರ ತಂಗಿಗೆ ನಗು ತಡೆಯಲಾಗಲಿಲ್ಲ. ಹುಡುಗ ಅಣಬೆಗಳನ್ನೆಲ್ಲ ಹೆಕ್ಕಿ ಬಟ್ಟಲಿನ ಅಂಚಿಗೆ ಸಾಲಾಗಿ ಇಡುತ್ತಿದ್ದ. ಚಿಕ್ಕವಳೊಬ್ಬಳು ಮಾತ್ರ, "ಕಚ್ಚೋದೇ ಬೇಡ, ಹಂಗೇ ಒಳಗ್ ಹೋಗತ್ತೆ," ಎಂದು ಎರಡು ಬಟ್ಟಲು ತಿಂದಳು. ಆ ಮಗುವನ್ನು ಅಲ್ಲೇ ಎತ್ತಿಕೊಳ್ಳಬೇಕು ಅನ್ನಿಸಿತು.

ಆಮೇಲೆ ಅವರ ತಾಯಿ ಕೇಳಿದರು, "ಇದನ್ನ ಯಾರು ಕಲಿಸಿದ್ದು ನಿನಗೆ?"

"ನಮ್ಮತ್ತೆ," ಎಂದೆ.

ಅವರು ಚಮಚ ಕೆಳಗಿಟ್ಟರು. "ಇನ್ನೂ ಅತ್ತೆ ಅಂತೀಯಾ?"

"ಇನ್ನೇನನ್ಲಿ? ನನಗಿರೋದು ಅವರೊಬ್ಬರೇ."

ಜೋರಾಗಿಯೇ ಹೇಳಿಬಿಟ್ಟೆ ಎಂದು ಕಾಣುತ್ತದೆ. ಹುಡುಗ ಕೂಡ ಅಣಬೆ ಬಿಟ್ಟು ತಲೆ ಎತ್ತಿ ನೋಡಿದ. ಆಗ ಮಕ್ಕಳ ತಂದೆ, ಅಷ್ಟು ಹೊತ್ತು ಸುಮ್ಮನೆ ತಿನ್ನುತ್ತಿದ್ದವರು, "ಹಾಗಾದ್ರೆ ಅವರನ್ನ ಯಾಕೆ ಕರೀಲಿಲ್ಲ?" ಎಂದು ಕೇಳಿದರು.

ನನ್ನ ಬಾಯಿಂದ ಏನು ಬಂತು ಗೊತ್ತೇ? "ಲಿಫ್ಟ್ ಕೆಟ್ಟಿತ್ತು."

ಲಿಫ್ಟ್ ಮೆಕ್ಯಾನಿಕ್ಕಿಗೆ, ಅತ್ತೆ! ಅವರು ಚಮಚ ಹಿಡಿದುಕೊಂಡು ನನ್ನನ್ನೇ ನೋಡಿದರು. "ಯಾವ ಲಿಫ್ಟು? ನಾವೆಲ್ಲ ಈಗ ಅದ್ರಲ್ಲೇ ತಾನೇ ಬಂದಿದ್ದು?"

ಲಿಫ್ಟ್ ಕೆಟ್ಟಿರಲಿಲ್ಲ. ನಾನು ನಿಮಗೆ ಸುಳ್ಳು ಬರೆದೆ. ನಿಮ್ಮ ಮುಂದೆ ಇನ್ನೊಬ್ಬರ ಪಕ್ಕ ಕೂರುವುದಕ್ಕೆ ನನಗೆ ಧೈರ್ಯ ಇರಲಿಲ್ಲ, ಅಷ್ಟೇ. ನೀವು ಬರುವುದು ಬೇಡ ಎಂದವರು ಅವರ ಮನೆಯವರಲ್ಲ. ಯಾರೂ ಬೇಡ ಎನ್ನಲಿಲ್ಲ. ನಾನು ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತ ಅತ್ತುಬಿಟ್ಟೆ.

ಹೋಗುವಾಗ ಅವರು ಉತ್ತರ ಕೇಳಲಿಲ್ಲ. ನಾನೂ ಹೇಳಲಿಲ್ಲ. ಉಳಿದದ್ದು ಫ್ರಿಜ್ಜಿನಲ್ಲಿದೆ. ಎಲ್ಲಿ ತಪ್ಪಿದೆನೋ ತಿಳಿಯುತ್ತಿಲ್ಲ. ಸಾಸ್ ತೆಳುವಾಯಿತೋ, ಅಣಬೆಯ ನೀರು ಆರಲಿಲ್ಲವೋ. ನಿಮ್ಮದು ಯಾವತ್ತೂ ಹೀಗಾದದ್ದನ್ನು ನಾನು ಕಂಡಿಲ್ಲ.

ನೀವು ಮಾತಾಡುವ ತನಕ ಅವರಿಗೆ ಹೌದು ಎನ್ನಲಾರೆ.

ನಿಮ್ಮ ಸೊಸೆ

*

ಮೇ 3

ಚಿರಂಜೀವಿ ಸೊಸೆಗೆ ಆಶೀರ್ವಾದಗಳು.

ನಿನ್ನ ಎರಡೂ ಕಾಗದ ಬಂದವು. ಹನ್ನೆರಡನೇ ತಾರೀಖಿನದು ಗುರುವಾರವೇ ಬಂದಿತ್ತು. ಅವತ್ತೇ ಉತ್ತರ ಬರೆದು ಹಾಕಿದ್ದರೆ ಶನಿವಾರಕ್ಕೆ ನಿನ್ನ ಕೈಸೇರುತ್ತಿತ್ತು. ಬರೆಯಲಿಲ್ಲ.

ನಿನ್ನ ಸಾಸ್ ಸರಿಯಿತ್ತು. ಅಣಬೆಯೂ ಸರಿಯಿತ್ತು. ಮುಚ್ಚಳ ಹಾಕುವ ಮುಂಚೆ ಪಾತ್ರೆಯ ಬಾಯಿಗೆ ಒಂದು ಒಣ ಬಟ್ಟೆಯನ್ನು ಬಿಗಿಯಾಗಿ ಹಾಸಿ, ಅದರ ಮೇಲೆ ಮುಚ್ಚಳ ಇಡಬೇಕು. ಕೆಳಕ್ಕೆ ಜೋತುಬೀಳುವ ಅಂಚನ್ನು ಮೇಲಕ್ಕೆ ಮಡಿಸಬೇಕು. ಆವಿಯ ನೀರನ್ನೆಲ್ಲ ಅದು ಕುಡಿಯುತ್ತದೆ. ಆರಿಸಿದ ಮೇಲೆ ಅರ್ಧ ಗಂಟೆ ಹಾಗೆಯೇ ಬಿಟ್ಟರೆ ಪದರ ಗಟ್ಟಿಯಾಗಿ ಕೂರುತ್ತದೆ. ಇಷ್ಟೇ ನನ್ನ ದೊಡ್ಡ ವಿದ್ಯೆ. ಒಂದು ಒರೆಸುವ ಬಟ್ಟೆ. ಅದೊಂದನ್ನು ಹಿಡಿದಿಟ್ಟುಕೊಂಡರೆ ನೀನು ನನ್ನನ್ನು ಕರೆಸಿಕೊಳ್ಳುತ್ತೀಯ ಅಂದುಕೊಂಡೆ. ಆಮೇಲೆ ವಿಷಯ ತಿಳಿದ ಮೇಲೆ, ಕೆಟ್ಟರೆ ಕೆಡಲಿ ಅಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ. ಹಾಸ್ಟೆಲಿನಲ್ಲಿ ಅಷ್ಟು ವರ್ಷ ದುಡಿದವಳು ನಾನು. ಎಂಥ ಅಧಿಕಾರಿಣಿಯ ಮೇಲೆ ಸಿಟ್ಟಿದ್ದರೂ ಅವಳ ತಟ್ಟೆಯಲ್ಲಿ ಅದನ್ನು ತೋರಿಸಿದವಳಲ್ಲ. ನಿನ್ನ ಬಟ್ಟಲಿನಲ್ಲಿ ತೋರಿಸಿದೆ. ಆ ಟೋಪಿ ಅಂಗಡಿಯವಳು ಸೂಪು ಅಂದದ್ದನ್ನು ಓದಿ ಮೊದಲು ನಗು ಬಂತು. ಆಮೇಲೆ ನಾಚಿಕೆಯಾಯಿತು.

ಆ ಮೂರು ದಿನ ನಾನೇನು ಮಾಡಿದೆ ಗೊತ್ತೇ? ಟೈಲರಮ್ಮನಿಗೆ ಸೊಸೆ ಮನೆಗೆ ಹೋಗುತ್ತೇನೆ ಅಂತ ಡಂಗುರ ಸಾರಿದ್ದೆನಲ್ಲ, ಈಗ ಹೋಗಲಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ? ಶುಕ್ರವಾರ ಬೆಳಿಗ್ಗೆ ಪರದೆ ಎಳೆದು ಒಳಗೆ ಕೂತುಬಿಟ್ಟೆ. ದೀಪ ಹಾಕಲಿಲ್ಲ. ನಲ್ಲಿಯನ್ನು ಸಣ್ಣಗೆ ಬಿಟ್ಟುಕೊಂಡೆ. ಬ್ರೆಡ್ಡು, ಬಾಳೆಹಣ್ಣು ತಿಂದೆ. ಅವಳು ಒಂದು ಸಲ ಬಂದು, ನಾನಿಲ್ಲ ಅಂದುಕೊಂಡು, ಬಾಗಿಲ ಮುಂದಿನ ಗಿಡಕ್ಕೆ ನೀರು ಹಾಕಿ ಹೋದಳು. ಬಾಗಿಲ ಈಚೆ ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ನನ್ನ ಮನೆಯಲ್ಲಿ ನಾನೇ ಕಳ್ಳಿ. ಭಾನುವಾರ ಸಂಜೆ, ಈಗ ಬಡಿಸುತ್ತಿರುತ್ತಾಳೆ, ಈಗ ತಿನ್ನುತ್ತಿರುತ್ತಾರೆ ಅಂತ ಕತ್ತಲಲ್ಲಿ ಲೆಕ್ಕ ಹಾಕುತ್ತ ಕೂತೆ.

ಸೋಮವಾರ ಬಾಗಿಲು ತೆಗೆದೆ. "ಊಟ ಹೇಗಿತ್ತು?" ಅಂತ ಅವಳು ಕೇಳಿದಳು. "ಬಹಳ ಚೆನ್ನಾಗಿತ್ತು. ನನ್ನನ್ನ ನಡುವೆ ಕೂರಿಸಿ, ಮೊದಲು ನನಗೇ ಬಡಿಸಿದಳು," ಅಂದೆ. ಅವಳು ನಂಬಿದಳು. ನಿನ್ನನ್ನು ಹೊಗಳಿದಳು ಕೂಡ.

ಈಗ ಮನಸ್ಸಿನಲ್ಲಿರುವುದನ್ನು ಬರೆಯುತ್ತೇನೆ. ನಿನ್ನ ಮೇಲೆ ನನಗೆ ಸಿಟ್ಟು ಬಂದದ್ದು ನೀನು ಮದುವೆಯಾಗುತ್ತೀಯ ಅಂತ ಅಲ್ಲ. ಮಗ ಹೋದ ದಿನವೇ ಅಮ್ಮ ಅನ್ನುವವರು ಇಲ್ಲದ ಹಾಗಾಯಿತು. ನೀನೂ ಹೋದರೆ ನಾನು ಯಾರಿಗೂ ಏನೂ ಅಲ್ಲ. ಅದಕ್ಕೆ ಹೆದರಿದೆ. ಇನ್ನೂ ಹೆದರಿಕೆ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ.

ಆ ಮನುಷ್ಯನಿಗೆ ಹೌದು ಅಂತ ಹೇಳು. ಬೇಡದ ಸೂಪನ್ನು ಸುಮ್ಮನೆ ತಿಂದು, ತಾಯಿಯ ಎದುರೇ "ಅವರನ್ನ ಯಾಕೆ ಕರೀಲಿಲ್ಲ" ಅಂತ ಕೇಳಿದನಲ್ಲ, ಅಷ್ಟು ಸಾಕು. ನನ್ನ ಅಪ್ಪಣೆ ಬೇಕು ಅಂದೆ, ಕೊಟ್ಟಿದ್ದೇನೆ. ಇನ್ನು ನನ್ನ ಹೆಸರು ಹೇಳಿಕೊಂಡು ತಡಮಾಡಬೇಡ.

ಮದುವೆಗೆ ಬನ್ನಿ ಅಂತ ಬರೆಯುತ್ತೀಯ. ಬರುವುದಿಲ್ಲ. ಲಿಫ್ಟ್ ನೆಟ್ಟಗಿದೆ ಅಂತ ನನಗೀಗ ಗೊತ್ತು, ಮಂಡಿಯ ನೆಪವನ್ನೂ ಹೇಳುವುದಿಲ್ಲ. ನಿನ್ನ ಪಕ್ಕ ಇನ್ನೊಬ್ಬರು ಕೂತದ್ದನ್ನು ನೋಡುವಷ್ಟು ಗಟ್ಟಿ ನಾನು ಇನ್ನೂ ಆಗಿಲ್ಲ. ಮುಂದೆ ಆಗುತ್ತೇನೋ ಏನೋ. ಆದಾಗ ಹೇಳುತ್ತೇನೆ. ನೀನು ಆಗಾಗ ಕೇಳುತ್ತಿರು.

ಮತ್ತೆ, ಮದುವೆಯಾದ ಮೇಲೂ ಕಾಗದದ ಮೇಲೆ "ಅತ್ತೆಯವರಿಗೆ" ಅಂತಲೇ ಬರಿ. ಆ ಟೋಪಿ ಅಂಗಡಿಯವಳಿಗೂ ಹಾಗೆಯೇ ಅನ್ನು, ನನಗೇನೂ ಬೇಜಾರಿಲ್ಲ. ಅವಳಿಗೆ ಮಗ, ಮಗಳು, ಮೊಮ್ಮಕ್ಕಳು, ಕೂಗುವುದಕ್ಕೆ ಮನೆತುಂಬ ಜನ. ಈ ಮನೆಯಲ್ಲಿ ನನ್ನನ್ನು ಕೂಗುವುದು ನಿನ್ನ ಕಾಗದ ಒಂದೇ.

ನಿನ್ನ ಅತ್ತೆ